ಮೂರು ಗಾಲಿಯ ಮೋಸ

"ಎತ್ತಮ್ಮ ಮುಚ್ಚಳ!" ಜವಳಿ ಅಂಗಡಿಯ ಯಜಮಾನರು ಗದರಿದರು.

ಕಾರ್ಖಾನೆಯ ಅಂಗಳದಲ್ಲಿ ನೆರೆದಿದ್ದ ಪಾಲುದಾರರು ಕತ್ತು ಚಾಚಿದರು. ಮುಂದೊಂದು, ಹಿಂದೆರಡು ಗಾಲಿಯ ಹಳದಿ ಕಾರು ಮೂತಿ ಚೂಪು ಮಾಡಿಕೊಂಡು ನಿಂತಿತ್ತು. ಓಡಿಸಿ ತೋರಿಸುತ್ತೇನೆಂದು ಎಲ್ಲರನ್ನೂ ಕರೆಸಿದ್ದಳು, ಅದನ್ನು ಕಟ್ಟಿದ ಹೆಂಗಸು. ಎಷ್ಟು ಸಲ ಕೀಲಿ ತಿರುಗಿಸಿದರೂ ಅದು ಕೆಮ್ಮಲೂ ಇಲ್ಲ.

ಯಜಮಾನರಿಗೆ ಇದು ಮೊದಲೇ ಗೊತ್ತಿತ್ತು. ಅವರಿಗೆ ಎಲ್ಲವೂ ಮೊದಲೇ ಗೊತ್ತಿರುತ್ತಿತ್ತು. ಬಟ್ಟೆ ಮುಟ್ಟಿದರೆ ನೂಲು, ಮುಖ ನೋಡಿದರೆ ಬುದ್ಧಿ. ಇಲ್ಲಿನ ಒಂದು ಮುಖದಲ್ಲೂ ಬುದ್ಧಿ ಕಾಣಲಿಲ್ಲ. ಅದರಲ್ಲೂ ಅವರ ಭಾಮೈದ! ಅಕ್ಕನನ್ನು ಪುಸಲಾಯಿಸಿ, ಅವಳ ಒಡವೆ ಅಡವಿಟ್ಟು ಈ ತಗಡಿನ ಕಪ್ಪೆಗೆ ಪಾಲು ಹಾಕಿದ್ದ ಮಹಾನುಭಾವ.

ಹೆಂಗಸು ತಡೆಯುವಂತೆ ಕೈ ಚಾಚಿದಳು. ಯಜಮಾನರು ಅವಳನ್ನು ಸರಿಸಿ, ಕಾರಿನ ಮೂತಿಯ ಮುಚ್ಚಳವನ್ನು ತಾವೇ ಎತ್ತಿದರು.

ಒಳಗೆ ಹಳೆಯ ಕಂಬಳಿ, ಒಂದು ಬಿಡಿ ಗಾಲಿ. ಅಷ್ಟೇ.

"ಎಂಜಿನ್ ಎಲ್ಲಿ? ನುಂಗಿ ನೀರು ಕುಡಿದ್ಯಾ?"

"ಅಲ್ಲಿ ಎಂಜಿನ್ ಇಲ್ಲ ಅನ್ನೋದು ನಿಜ." ಅವಳು ತಲೆ ತಗ್ಗಿಸಿದಳು. "ದುಡ್ಡೆಲ್ಲ ಕರಗಿಹೋಯ್ತು. ಏನು ಬೇಕಾದ್ರೂ ಮಾಡ್ಕೊಳ್ಳಿ."

ಅಂಗಳದ ತುಂಬ ಬೈಗುಳ. ಹಳೇ ಯಂತ್ರ ಕೊಳ್ಳಲು ಬಂದು ಗೇಟಿಗೊರಗಿ ನಿಂತಿದ್ದ ಗುಜರಿಯವನು ಆಕಳಿಸಿದ.

"ತೂಕಕ್ಕೆ ಹಾಕಿ, ತಗೊಂಡ್ಹೋಗ್ತೀನಿ. ಆದ್ರೆ ನಾಳೆ ಯಾರೂ ನನ್ನ ಪಾಲು ಅಂತ ಬರಬಾರ್ದು. ಎಲ್ರೂ ಬಿಟ್ಟುಕೊಟ್ಟೆ ಅಂತ ಬರೆದುಕೊಡಿ."

ಅವನ ಜಿಡ್ಡುಗಟ್ಟಿದ ಅಂಗಿ ನೋಡಿ ಯಜಮಾನರಿಗೆ ವಾಕರಿಕೆ ಬಂತು. ಆದರೂ ಬಂದಷ್ಟು ಬಂತು. ಮೂಗು ಮುಚ್ಚಿಕೊಂಡು ಅವನೊಡನೆ ತಾವೇ ಚೌಕಾಸಿ ಮಾಡಿ, ಒಬ್ಬೊಬ್ಬರನ್ನೇ ಕರೆದು ಸಹಿ ಹಾಕಿಸಿದರು. ಕೊನೆಗೆ ಉಳಿದವನು ಭಾಮೈದ.

"ಭಾವ, ಇನ್ನೊಂದ್ಸಲ ಸರಿಯಾಗಿ ನೋಡೋಣ..."

"ಹಿಂದೆ ಮುಂದೆ ನೋಡದೆ ದುಡ್ಡು ಸುರಿದೋನು ನೀನು. ನನಗೆ ನೋಡೋದು ಹೇಳ್ಕೊಡ್ತೀಯಾ? ಹಾಕು ಸಹಿ!"

ಹಾಕಿದ. ಕಣ್ಣಲ್ಲಿ ನೀರಿತ್ತು. ಕೈಗೆ ಬಂದ ಚಿಲ್ಲರೆಯಲ್ಲಿ ಅಕ್ಕನ ಒಂದು ಉಂಗುರವನ್ನೂ ಬಿಡಿಸಿಕೊಳ್ಳಲಾಗದು.

"ನಾನಿಲ್ಲದಿದ್ರೆ ಇದೂ ಸಿಗ್ತಿರಲಿಲ್ಲ," ಎನ್ನುತ್ತ ಯಜಮಾನರು ಅವನನ್ನು ಬೀದಿಯುದ್ದಕ್ಕೂ ಜಾಡಿಸಿಕೊಂಡು ನಡೆದರು. ತಿರುವಿನಲ್ಲಿ ಹಿಂದಿನಿಂದ ಹಾರನ್ ಕೇಳಿತು. ಇಬ್ಬರೂ ಪಕ್ಕಕ್ಕೆ ಸರಿದರು.

ಹಳದಿ ಕಾರು ಗುರುಗುಟ್ಟುತ್ತ ಅವರನ್ನು ದಾಟಿತು. ಸ್ಟೀರಿಂಗ್ ಹಿಡಿದಿದ್ದವನು ಗುಜರಿಯವನು. ಪಕ್ಕದಲ್ಲಿದ್ದ ಹೆಂಗಸು ನಗುತ್ತ ಅವನ ತೋಳು ಹಿಡಿದಿದ್ದಳು.

"ರೀ, ತಿರುವಲ್ಲಿ ನಿಧಾನ! ಎಂಜಿನ್ ಭಾರ ಎಲ್ಲ ಹಿಂದಿನ ಸೀಟಿನ ಕೆಳಗೇ ಇರೋದು."