ಹಾಲೊವೆಲ್‌ನ ಮೂಗು

ಅಂಬ್ರೋಸ್ ಹಾಲೊವೆಲ್ ಗ್ಲಾಸಿನೊಳಗೆ ಮೂಗು ಇಳಿಸಿದ. ಮೇಜಿನ ಈಚೆ ಹೆಟ್ಟಿ ಕ್ರೈಡರ್ ಉಸಿರು ಬಿಗಿಹಿಡಿದು ಕೂತಳು.

ಮದ್ಯ ಮೂಸಿ ಪತ್ರಿಕೆಗೆ ಬರೆಯುವವನ ಆ ಮೂಗು ಸಾಮಾನ್ಯದ್ದಲ್ಲ. ಪೆನ್ಸಿಲ್ವೇನಿಯಾದ ವಿಸ್ಕಿ ಭಟ್ಟಿಗಳೆಲ್ಲ ಅದಕ್ಕೆ ನಡುಗುತ್ತಿದ್ದವು. ಅವನು ಮೂಗು ಮುರಿದರೆ ಅಂಗಡಿಯವರು ಬಾಟಲಿ ವಾಪಸು ಕಳಿಸುತ್ತಿದ್ದರು. ಮೂಗರಳಿಸಿದರೆ ಭಟ್ಟಿಯ ಮುಂದೆ ಜನ ಸಾಲು ನಿಲ್ಲುತ್ತಿದ್ದರು. ಅಪ್ಪ ಸತ್ತ ಮೇಲೆ ಹೆಟ್ಟಿ ತಾನೇ ಬೆರೆಸಿದ ಮೊದಲ ಮದ್ಯ ಇದು. ರೈ ಧಾನ್ಯದ ವಿಸ್ಕಿ, ಅದಕ್ಕೆ ಓಕ್ ಪೀಪಾಯಿಗಳಲ್ಲಿ ವರ್ಷಗಟ್ಟಲೆ ಮಲಗಿದ್ದ ಹಣ್ಣಿನ ಬ್ರಾಂದಿಗಳು. ಇದು ಸೋತರೆ ಭಟ್ಟಿಗೆ ಬೀಗವೇ.

ಅವಳ ಹೆದರಿಕೆಗೆ ಇನ್ನೊಂದು ಕಾರಣವಿತ್ತು. ಚಳಿಗಾಲದ ಜ್ವರದಲ್ಲಿ ಅವಳ ಮೂಗು ಸತ್ತುಹೋಗಿತ್ತು. ಕಾಫಿ, ಸೋಪು, ಕುದುರೆಲಾಯ, ಎಲ್ಲವೂ ಒಂದೇ. ನಾಲಿಗೆಗೆ ಸಿಹಿ ತಿಳಿಯುತ್ತಿತ್ತು, ಉರಿ ತಿಳಿಯುತ್ತಿತ್ತು, ಅಷ್ಟೇ. ತಂಗಿ ಟ್ರೂಡಿಯನ್ನು ಕೇಳೋಣವೆಂದರೆ ಅವಳು ಚರ್ಚಿನ ಭಕ್ತೆ. ಬಾಟಲಿಯ ಮುಚ್ಚಳ ತೆಗೆದರೆ ಎದ್ದುಹೋಗುವವಳು. ಹೆಟ್ಟಿ ಯಾರಿಗೂ ಬಾಯಿಬಿಡದೆ, ಕಣ್ಣಂದಾಜಿನಲ್ಲೇ ಬೆರೆಸಿಬಿಟ್ಟಿದ್ದಳು. ಬಣ್ಣವೇನೋ ಚೆನ್ನಾಗಿ ಬಂದಿತ್ತು.

“ಯಾವ್ಯಾವ ಹಣ್ಣು ಅಂದ್ರಿ?” ಹಾಲೊವೆಲ್ ಕಣ್ಣು ಮುಚ್ಚಿಯೇ ಕೇಳಿದ.

“ಸೇಬು, ಪೇರ್, ಪ್ಲಮ್, ಸರ್.”

“ಹೇಳ್ಬೇಡಿ, ಹೇಳ್ಬೇಡಿ!” ಕೈಯೆತ್ತಿ ತಡೆದ. ಮತ್ತೊಮ್ಮೆ ದೀರ್ಘವಾಗಿ ಮೂಸಿದ. “ಮೊದ್ಲು ಸೇಬು ಬರುತ್ತೆ. ಆಮೇಲೆ ಪೇರ್, ಸ್ವಲ್ಪ ನಾಚ್ಕೊಂಡು. ಹಿಂದೆ ಯಾರೋ ಇದ್ದಾರಲ್ಲ... ಪ್ಲಮ್ಮಾ?”

“ಎಂಥ ಮೂಗು ಸರ್ ನಿಮ್ದು!” ಎಂದಳು ಹೆಟ್ಟಿ. ಮನಸಾರೆ ಎಂದಳು.

ಅಷ್ಟರಲ್ಲಿ ಹಿತ್ತಲ ಬಾಗಿಲು ತಳ್ಳಿಕೊಂಡು ನಾಯಿ ಡ್ಯೂಕ್ ಒಳಬಂತು. ಕುಂಯ್‌ಗುಡುತ್ತ ಮೂತಿಯನ್ನು ಜಮಖಾನಕ್ಕೆ ಉಜ್ಜಿತು. ಹೆಟ್ಟಿ ಗದರಿಸುವ ಮೊದಲೇ ಹೋಗಿ ಹಾಲೊವೆಲ್‌ನ ತೊಡೆಯ ಮೇಲೆ ಮುಖವಿಟ್ಟಿತು. ಅವನು ಅದರ ತಲೆ ಸವರಿದ.

“ಇರ್ಲಿ ಬಿಡಿ. ನಾಯಿಗಳಿಗೂ ನಂಗೂ ಮೂಗಿನ ನಂಟು.”

ಒಂದು ಗುಟುಕು ಕುಡಿದ. ಬಾಯಲ್ಲಿ ಹೊರಳಿಸಿದ.

“ಕೊನೇಲಿ ನೋಡಿ, ಮಳೆ ನಿಂತ್ಮೇಲೆ ಹಳೇ ಚರ್ಚಿನ ಮರದ ಬೆಂಚು! ಎಷ್ಟು ಶುದ್ಧವಾದ ಪರಿಮಳ, ಮಿಸ್ ಕ್ರೈಡರ್! ಇದರ ಮುಂದೆ ಈ ಕೋಣೇಲಿ ಬೇರೆ ಯಾವ ವಾಸ್ನೆಗೂ ಜಾಗ ಇಲ್ಲ. ಈ ವರ್ಷ ನಾನು ಕಂಡ ಅತ್ಯುತ್ತಮ ಮದ್ಯ ಅಂತ ಬರೀತೀನಿ.”

ಹೆಟ್ಟಿಯ ಕಣ್ಣು ತುಂಬಿತು. ಅಪ್ಪನ ಕೈಗುಣ ತನಗೂ ಬಂದಿದೆ! ಮೂಗಿಲ್ಲದಿದ್ದರೇನು, ರಕ್ತದಲ್ಲಿದೆ. ಅವನ ಗ್ಲಾಸಿಗೆ ಇನ್ನಷ್ಟು ಸುರಿದಳು. ಅವನು ಬೇಡವೆನ್ನಲಿಲ್ಲ.

ಆಗ ಮುಂಬಾಗಿಲು ತೆರೆಯಿತು. ಟ್ರೂಡಿ ಒಂದು ಹೆಜ್ಜೆ ಒಳಗಿಟ್ಟವಳು, ಏಪ್ರನ್ನಿನಿಂದ ಮೂಗು ಮುಚ್ಚಿಕೊಂಡು, ಕೆಮ್ಮುತ್ತ ಅಂಗಳಕ್ಕೆ ವಾಪಸು ಓಡಿದಳು.

“ಅಕ್ಕಾ! ಆ ದರಿದ್ರ ನಾಯೀನ ಹೊರಗೆ ಹಾಕೇ! ಕಾಡಿನ ಸ್ಕಂಕ್ ಪ್ರಾಣಿ ಅದರ ಮುಖಕ್ಕೇ ನಾತದ ನೀರು ಸಿಡಿಸಿದೆ. ರಸ್ತೇವರೆಗೂ ಹೊಡೀತಿದೆ! ನೀವಿಬ್ರೂ ಅದನ್ನ ಪಕ್ಕದಲ್ಲಿಟ್ಕೊಂಡು ಹೆಂಗೆ ಕೂತಿದ್ದೀರಿ?”

ಹಾಲೊವೆಲ್‌ನ ಕೈ ನಾಯಿಯ ತಲೆಯ ಮೇಲೇ ನಿಂತಿತು. ಹೆಟ್ಟಿ ಅವನ ಮುಖ ನೋಡಿದಳು. ಅವನು ಅವಳ ಮುಖ ನೋಡಿದ.

“ನಿಮಗೂನಾ?” ಎಂದ, ಪಿಸುದನಿಯಲ್ಲಿ.