ಉಳಿಸಿದ ಸದ್ದು

ಮನೆಗೆ ತಿಂಗಳಿಗೆ ಇಷ್ಟೇ ಸದ್ದು ಎಂದು ಸರಕಾರ ಗೊತ್ತುಮಾಡಿ ಎಷ್ಟೋ ಕಾಲವಾಗಿತ್ತು. ಹುಬ್ಬಳ್ಳಿಯ ರೈಲ್ವೆ ಕ್ವಾರ್ಟರ್ಸಿನ ಜಯಶೀಲನ ಬಳಿ ಇದ್ದದ್ದು ಗಿಟಾರಿಗೆ ಜೋಡಿಸುವ ಹಳೆಯ ವಾಲ್ವಿನ ಆಂಪ್ಲಿಫೈಯರ್. ವಾಲ್ಯೂಮ್ ಪೂರ್ತಿ ಏರಿಸದೆ ಅದರ ಗಂಟಲು ಬಿಚ್ಚುತ್ತಿರಲಿಲ್ಲ. ಅದಕ್ಕೆಂದೇ ಹೆಂಡತಿ ಕರುಣಾ ತಿಂಗಳಿಡೀ ಕೈಸನ್ನೆಯಲ್ಲೇ ಮಾತಾಡಿದ್ದಳು. ಕುಕ್ಕರಿನ ಸೀಟಿ ಉಳಿಯಲೆಂದು ಬೇಳೆಯನ್ನು ತಪ್ಪೇಲಿಯಲ್ಲಿ ಬೇಯಿಸಿದ್ದಳು.

ತಿಂಗಳ ಕಡೆಯ ಸಂಜೆ. ಬಾಗಿಲ ಪಕ್ಕದ ಸದ್ದಿನ ಮೀಟರಿನಲ್ಲಿ ಇನ್ನೂ ಹಸಿರು ದೀಪವಿತ್ತು; ಕೆಂಪಾದರೆ ಪಾಲು ಮುಗಿದಂತೆ. ಜಯಶೀಲ ವಾಲ್ಯೂಮ್ ತುದಿ ಮುಟ್ಟಿಸಿ ಗಿಟಾರ್ ಮೀಟಿದ. ಬಂದದ್ದು ಡಬ್ಬಿಯಲ್ಲಿ ಸಿಕ್ಕಿಬಿದ್ದ ಜೀರುಂಡೆಯ ಸದ್ದು. ಅವನ ಮುಖ ಬಾಡಿತು.

ಕರುಣಾ ಬಂದು, ಸ್ವರವನ್ನು ಒರಟಾಗಿಸುವ ಗೇನ್ ನಾಬನ್ನು ಅರ್ಧಕ್ಕಿಂತ ಕೆಳಗಿಳಿಸಿದಳು. ಇಷ್ಟು ವರ್ಷ ವಾಲ್ಯೂಮ್ ತಗ್ಗಿಸಿ ಪಿಸುದನಿಯಲ್ಲಿ ನುಡಿಸುವಾಗ, ಆ ಒರಟು ಬರಲೆಂದು ಗೇನ್ ಏರಿಸುವುದೇ ಅವನಿಗೆ ಚಟವಾಗಿತ್ತು. ಮತ್ತೆ ಮೀಟಿದ. ಮೆಲ್ಲಗೆ ಮೀಟಿದರೆ ತಿಳಿಯಾದ ಸ್ವರ. ಒತ್ತಿ ಮೀಟಿದರೆ ಅದೇ ಸ್ವರ ಅಂಚಿನಲ್ಲಿ ಬಿರಿದು ಗುರುಗುಟ್ಟಿತು. ಕಿಟಕಿಯ ಗಾಜು ಅದುರಿತು. ಕರುಣಾಳ ಬರಿಗಾಲಿನ ಬೆರಳುಗಳು ತಾಳ ಹಾಕಿದವು.

ದೀಪ ಹಳದಿಗೆ ತಿರುಗಿದಾಗ ಅವನು ತಂತಿಗಳ ಮೇಲೆ ಅಂಗೈ ಇಟ್ಟ. "ಉಳಿದದ್ದು ನಿಂದು. ಏನರ ಮಾತಾಡು," ಎಂದು ಪಿಸುಗುಟ್ಟಿದ.

ಕರುಣಾ ಗಂಟಲು ಸರಿಮಾಡಿಕೊಂಡಳು. "ತಪ್ಪೇಲ್ಯಾಗ ಬ್ಯಾಳಿ ಬೇಯಂಗಿಲ್ರಿ. ನಾಳಿಂದ ನಾ ಕುಕ್ಕರ್ ಇಡಾಕಿ."

ತಿಂಗಳಿಂದ ಬಳಸದ ದನಿ ನಡುವೆ ಒಡೆದು, ಒರಟಾಗಿ, ಬೆಚ್ಚಗೆ ಹೊರಬಿತ್ತು. ಇನ್ನೊಮ್ಮೆ ಹೇಳು ಎಂದು ಜಯಶೀಲ ಬೆರಳೆತ್ತುವಷ್ಟರಲ್ಲಿ ದೀಪ ಕೆಂಪಾಯಿತು.