ಓಣಿಯ ಕೊನೆಯ ಕಣ್ಣೀರು

ಬಾಲ ಬಿಟ್ಟು ಮನುಷ್ಯನಾದವನು ಬಿಸಿಲು ಏರಿದಂತೆ ಕಣ್ಣೀರನ್ನೂ ಬಿಟ್ಟುಬಿಟ್ಟ. ಮೈಯೊಳಗಿನ ನೀರು ಉಳಿಯಬೇಕಲ್ಲ! ತಲೆಮಾರುಗಳು ಕಳೆದಂತೆ ಅಳುವವರು ಅಳಿದರು, ಅಳದವರು ಉಳಿದರು. ರಾಯಚೂರಿನ ನಮ್ಮ ಓಣಿಯಲ್ಲಿ ಈಗ ಕಣ್ಣೀರು ಬರುವುದು ಎಪ್ಪತ್ತು ದಾಟಿದ ಹುಲಿಗೆವ್ವನಿಗೆ ಮಾತ್ರ. ಹೀಗಾಗಿ ಯಾರ ಮನೆಯಲ್ಲಿ ಸಾವಾದರೂ ಹಲಗೆ ಬಡಿಯುವವರಿಗಿಂತ ಮೊದಲು ಅವಳಿಗೆ ಕರೆ ಹೋಗುತ್ತದೆ. ಸತ್ತವರ ಗುಣಗಳನ್ನು ಹಾಡಿಕೊಂಡು ಅವಳು ಅತ್ತರೆ, ಒಣಗಣ್ಣಲ್ಲಿ ಕೂತ ಮನೆಯವರ ಎದೆ ಹಗುರಾಗುತ್ತದೆ.

ಆ ವಾರ ಓಣಿಯಲ್ಲಿ ಆಗಲೇ ಮೂರು ಸಾವು. ಮೂರನೆಯದು ಪಕ್ಕದ ಮನೆಯ ರೇಣವ್ವನ ಅಪ್ಪನದು. ಅವನ ಮಣ್ಣು ಮುಗಿಸಿ ಹುಲಿಗೆವ್ವ ಮನೆಗೆ ಬಂದರೆ, ಗಂಡ ಯಂಕೋಬ ಗೋಡೆಗೆ ಒರಗಿ ಕೂತಲ್ಲೇ ತೀರಿಕೊಂಡಿದ್ದ.

ಓಣಿಯೆಲ್ಲ ನೆರೆಯಿತು. ಹುಲಿಗೆವ್ವ ಗಂಡನ ಕಾಲ ಬಳಿ ಕೂತು ಬಾಯಿ ತೆರೆದಳು. ಹಾಡು ಬಂತು, ಹನಿ ಬರಲಿಲ್ಲ.

“ಅಳಬೇ ಯವ್ವಾ! ಊರಿಗೆಲ್ಲಾ ಅತ್ತಾಕಿ, ಕಾಕಾಗ ಅಳದಿದ್ರ ಹೆಂಗ?” ಎಂದಳು ರೇಣವ್ವ.

“ಬರವಲ್ದವ್ವಾ. ಇದ್ದದ್ದೆಲ್ಲಾ ನಿಮ್ಮಪ್ಪನ ಮುಂದ ತೀರಿ ಹೋತು.”

ರೇಣವ್ವ ಮನೆಗೆ ಹೋಗಿ, ಅಂದಿನ ತನ್ನ ಪಾಲಿನ ಕುಡಿಯುವ ನೀರನ್ನು ಚರಿಗೆಯಲ್ಲಿ ತಂದಳು. ಬೆರಳು ಅದ್ದಿ ಮುದುಕಿಯ ಕಣ್ಣಿನಿಂದ ಗಲ್ಲದವರೆಗೆ ಎರಡು ಗೆರೆ ಎಳೆದಳು.

“ಹಿಂಗ ಅಲ್ಲೇನು ಬರೂದು?”

ತುಟಿಗೆ ಇಳಿದ ಹನಿಯನ್ನು ಹುಲಿಗೆವ್ವ ನಾಲಿಗೆಯಿಂದ ಮುಟ್ಟಿ ನೋಡಿದಳು.

“ಇದಕ್ಕ ಉಪ್ಪಿಲ್ಲ, ತಂಗೀ.”

ರೇಣವ್ವ ಲಗುಬಗೆಯಿಂದ ಎದ್ದು, ಉಪ್ಪಿನ ಡಬ್ಬಿ ತರಲು ಒಳಗೆ ಓಡಿದಳು.